ಬೋರಲು ಮಲಗಿ ಓದುವ ಹೆಸರು

ನಮ್ಮ ಚಿಕ್ಕಪ್ಪನಿಗೆ ನನ್ನ ಹೆಸರು ಗೊತ್ತಿಲ್ಲ! ನನ್ನನ್ನು ತೊಟ್ಟಿಲಿಗೆ ಹಾಕಿದ ದಿನ ಎರಡೆರಡು ಸಲ ಗುಗ್ಗರಿ ಹಾಕಿಸಿಕೊಂಡು ತಿಂದ ಮನುಷ್ಯ. ಇವತ್ತಿಗೆ ನಲವತ್ತೊಂದು ವರ್ಷವಾಯಿತು, ಒಂದು ಸಲವಾದರೂ ನನ್ನನ್ನು ಹೆಸರು ಹಿಡಿದು ಕರೆದಿದ್ದರೆ ಕೇಳಿ. ಮನೆಯಲ್ಲಿ ಎಲ್ಲರ ಗತಿಯೂ ಇಷ್ಟೇ. ಎದುರಿಗೆ ನಿಂತವರ ಮುಖ ನೋಡುತ್ತಾನೆ, ಹಣೆ ಉಜ್ಜಿಕೊಳ್ಳುತ್ತಾನೆ, ಕೊನೆಗೆ "ಏ, ಇವಳ" ಎನ್ನುತ್ತಾನೆ. ಅದೇ ಮನುಷ್ಯನನ್ನು ಕೂಡ್ಲಿಗಿ ಕಡೆಯ ಯಾವುದಾದರೂ ಗುಡ್ಡ ಹತ್ತಿಸಿ ನೋಡಿ. ಬಂಡೆಯ ಸಂದಿಯಲ್ಲಿ ಸಾಸಿವೆ ಕಾಳಿನಷ್ಟು ಹೂ ಬಿಟ್ಟಿದ್ದರೂ ಸಾಕು, ಅದರ ಹೆಸರು, ಅದರ ಮನೆತನದ ಹೆಸರು, ಅದು ಗ್ರೀಕಿನಿಂದ ಬಂತೋ ಲ್ಯಾಟಿನ್ನಿನಿಂದ ಬಂತೋ, ಇಟ್ಟವರು ಯಾಕೆ ಇಟ್ಟರು, ಎಲ್ಲ ಪಟಪಟನೆ ಬರುತ್ತದೆ. ಇಷ್ಟು ಹೂಗಳನ್ನು ತುಂಬಿಕೊಂಡ ತಲೆಯಲ್ಲಿ ಮನುಷ್ಯರಿಗೆ ಜಾಗ ಎಲ್ಲಿಂದ ಬರಬೇಕು ಎಂದು ಅಮ್ಮ ಅವನನ್ನು ಕ್ಷಮಿಸಿಬಿಟ್ಟಿದ್ದಾಳೆ.

ಈ ತೊಂದರೆಗೆ ಅವನೇ ಒಂದು ಉಪಾಯವನ್ನೂ ಕಂಡುಕೊಂಡಿದ್ದಾನೆ. ನಮಗೆಲ್ಲ ಗಿಡದ ಹೆಸರಿಟ್ಟಿದ್ದಾನೆ. ನಾನು ಆರಿಕುಲೇಟಾ. ನಮ್ಮ ಕಡೆ ರಸ್ತೆ ಬದಿಯಲ್ಲೆಲ್ಲ ಹಳದಿ ಹೂ ಬಿಟ್ಟು ನಿಂತಿರುತ್ತದಲ್ಲ ತಂಗಡಿ ಗಿಡ, ಅದರ ಹೆಸರಿನ ಎರಡನೇ ಭಾಗ ಅದು. 'ಪುಟ್ಟ ಕಿವಿಯುಳ್ಳದ್ದು' ಎಂದು ಅರ್ಥವಂತೆ, ಎಲೆಯ ಬುಡದಲ್ಲಿ ಕಿವಿಯಂಥ ಎರಡು ಸಣ್ಣ ಎಲೆ ಇರುತ್ತವೆ. ಮನೆಯಲ್ಲಿ ಅವನ ಮಾತನ್ನು ಪೂರ್ತಿ ಕೇಳುವವಳು ನಾನೊಬ್ಬಳೇ ಆದ್ದರಿಂದ ನನಗೆ ಈ ಬಿರುದು. ದೊಡ್ಡಮ್ಮ ಮಿಮೋಸಾ ಪುಡಿಕಾ, ಅಂದರೆ ಮುಟ್ಟಿದರೆ ಮುನಿ. ಅಮ್ಮ ಗ್ಲೋರಿಯೋಸಾ ಸುಪರ್ಬಾ. ಮಳೆಗಾಲದಲ್ಲಿ ಗುಡ್ಡದ ಪೊದೆಗಳ ನಡುವೆ ಬೆಂಕಿ ಬಣ್ಣದಲ್ಲಿ ಏಳುವ ಅಗ್ನಿಶಿಖೆ ಹೂ. ವೈಭವದ್ದು, ಭವ್ಯವಾದದ್ದು ಎಂದು ಒಂದೇ ಗಿಡವನ್ನು ಎರಡು ಸಲ ಹೊಗಳಿ ಇಟ್ಟ ಹೆಸರು. ಇದನ್ನು ಕೇಳಿದ ದಿನದಿಂದ ಅಮ್ಮ ಅವನ ರೊಟ್ಟಿಯ ಮೇಲೆ ಕೇಳದೆಯೇ ಬೆಣ್ಣೆ ಹಾಕುತ್ತಾಳೆ. ಆ ಗಿಡದ ಗೆಡ್ಡೆ ವಿಷ ಎನ್ನುವುದನ್ನು ಅವನು ಅಮ್ಮನಿಗೆ ಇನ್ನೂ ಹೇಳಿಲ್ಲ.

ದೊಡ್ಡಪ್ಪ ಆಸ್ಪೆರಾ. ಉತ್ತರಾಣಿ ಗಿಡದ ಹೆಸರಿನಲ್ಲಿ ಬರುವ ಮಾತು. ದೊಡ್ಡಪ್ಪ ಬಹಳ ವರ್ಷ ಇದನ್ನು ದೊಡ್ಡ ಮನುಷ್ಯರಿಗೆ ಇಡುವ ಹೆಸರೆಂದೇ ತಿಳಿದಿದ್ದ. ಒಂದು ದಿನ ಊಟಕ್ಕೆ ಕುಳಿತಾಗ ಕೇಳಿಯೇಬಿಟ್ಟ.

"ಲೇ ತಮ್ಮ, ಆಸ್ಪೆರಾ ಅಂದ್ರ ಏನೋ?"

"ಒರಟು ಅಂತ, ಅಣ್ಣ. ಮುಟ್ಟಿದ್ರ ತರಚತೈತಲ್ಲ, ಅದು."

ದೊಡ್ಡಪ್ಪ ಅನ್ನ ಕಲಸಿ ಒಂದು ತುತ್ತು ಉಂಡ. ಆಮೇಲೆ "ಪಾಪ, ಗಿಡಕ್ಕ ಎಂಥಾ ಹೆಸರು ಇಟ್ಟಾರ" ಎಂದ. ತನ್ನ ಬಗ್ಗೆ ಅವನಿಗೆ ಬೇಜಾರಾಗಲಿಲ್ಲ, ಗಿಡದ ಬಗ್ಗೆ ಆಯಿತು.

ನಮ್ಮ ಅಜ್ಜಿಗೆ ಮೂವರು ಮಕ್ಕಳು, ಮೂವರೂ ಗಂಡು. ದೊಡ್ಡಪ್ಪ, ನಮ್ಮ ಅಪ್ಪ, ಆಮೇಲೆ ಈ ಚಿಕ್ಕಪ್ಪ. ದೊಡ್ಡಪ್ಪ ಮತ್ತು ಅಪ್ಪ ಸೇರಿ ಕೊಟ್ಟೂರಿನಲ್ಲಿ ಬೀಜ, ಗೊಬ್ಬರ, ಔಷಧಿಯ ಅಂಗಡಿ ಕಟ್ಟಿದರು. ಬೋರ್ಡಿನ ಮೇಲೆ ಇಬ್ಬರ ಹೆಸರೂ ಕೆಂಪು ಅಕ್ಷರದಲ್ಲಿವೆ. ಚಿಕ್ಕಪ್ಪ ಪಿಯುಸಿ ಫೇಲಾಗಿ, ಹರಪನಹಳ್ಳಿಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಲ್ಯಾಬಿಗೆ ಅಟೆಂಡರಾದ. ಮೂವತ್ತು ವರ್ಷ ಬಾಟಲಿ ತೊಳೆದ, ಒಣಗಿಸಿ ಅಂಟಿಸಿದ ಗಿಡಗಳ ಹಾಳೆಯ ಧೂಳು ಒರೆಸಿದ, ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕುಳಿತು ಅದದೇ ಪಾಠ ಕೇಳಿದ. ಹುಡುಗರು ಮೂರು ವರ್ಷ ಓದಿ ಪಾಸಾಗಿ ಹೋದರು, ಇವನು ಮೂವತ್ತು ವರ್ಷ ಓದಿದ. ನಿವೃತ್ತಿಯ ದಿನ ಅಲ್ಲಿಯ ಮೇಷ್ಟರೊಬ್ಬರು ಶಾಲು ಹೊದಿಸುವ ಬದಲು ಒಂದು ಭೂತಗನ್ನಡಿ ಕೊಟ್ಟರು. ಅದು ಸದಾ ಅವನ ಅಂಗಿಯ ಜೇಬಿನಲ್ಲಿರುತ್ತದೆ. ಹೂ ನೋಡುವುದಕ್ಕೂ ಅದೇ, ಅಕ್ಕಿಯಲ್ಲಿ ಹರಳು ಹುಡುಕುವುದಕ್ಕೂ ಅದೇ.

ಆದರೆ ನಮ್ಮ ಮನೆಯಲ್ಲಿ ಇದನ್ನೆಲ್ಲ ಯಾರೂ ಕೆಲಸ ಎಂದುಕೊಳ್ಳಲಿಲ್ಲ. ನೆಂಟರು ಬಂದು "ನಿಮ್ಮ ಸಣ್ಣ ತಮ್ಮ ಏನು ಮಾಡತಾನ್ರಿ?" ಎಂದರೆ "ಏನಿಲ್ರಿ, ಗುಡ್ಡ ಅಡ್ಡಾಡತಾನ" ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ರೇಷನ್ ಕಾರ್ಡು, ಪಿಂಚಣಿ ಪುಸ್ತಕ ಬಿಟ್ಟರೆ ಅವನ ಹೆಸರನ್ನು ಯಾರೂ ಎಲ್ಲಿಯೂ ಬರೆದಿರಲಿಲ್ಲ. ಹೂಗಳ ಹೆಸರಿನ ಹಿಂದೆ ಬಿದ್ದ ಮನುಷ್ಯನ ಹೆಸರೇ ಹೀಗೆ ಎಲ್ಲಿಯೂ ಇಲ್ಲದೆ ಹೋಗಿತ್ತು. ಇದನ್ನು ಈಗಲೇ ಹೇಳುತ್ತಿದ್ದೇನೆ, ಯಾಕೆಂದರೆ ಈ ವಿಷಯದಲ್ಲಿ ನಾನೇ ಒಂದು ದೊಡ್ಡ ತಪ್ಪು ಮಾಡಿದೆ, ಅದೂ ಕಲ್ಲಿನ ಮೇಲೆ. ಅದಕ್ಕೆ ಬರುತ್ತೇನೆ, ಮೊದಲು ಅಂಗಡಿಯ ಕಥೆ ಕೇಳಿ.

ನಿವೃತ್ತಿಯಾದ ಮೇಲೆ ಮನೆಯಲ್ಲಿ ಸುಮ್ಮನೆ ಯಾಕೆ ಕೂರಬೇಕು ಎಂದು ದೊಡ್ಡಪ್ಪ ಅವನನ್ನು ಅಂಗಡಿಯಲ್ಲಿ ಕೂರಿಸಿದ. ಹೂವಿನ ಮನುಷ್ಯನನ್ನು ಕಳೆನಾಶಕದ ಡಬ್ಬಿಗಳ ಮುಂದೆ ಕೂರಿಸಿದರೆ ಏನಾದೀತು ಎಂದು ಯಾರಿಗೂ ಹೊಳೆಯಲಿಲ್ಲ. ಮೊದಲನೇ ದಿನವೇ ಕೋಗಳಿ ಕಡೆಯ ರೈತರೊಬ್ಬರು ಬಂದರು.

"ಹೊಲದಾಗ ನೆಗ್ಗಿಲು ಮುಳ್ಳು ಬಾಳ ಆಗೈತ್ರಿ. ಒಂದು ಛಲೋ ಔಷಧಿ ಕೊಡ್ರಿ."

"ನೆಗ್ಗಿಲು ಅಂದ್ರ ಏನಂತ ತಿಳಿದೀರಿ?" ಎಂದು ಚಿಕ್ಕಪ್ಪ ಸ್ಟೂಲು ಮುಂದೆ ಎಳೆದುಕೊಂಡ. "ಅದರ ಹೆಸರು ಟ್ರಿಬ್ಯುಲಸ್. ಹಿಂದಕ ಲಡಾಯಿ ಒಳಗ ವೈರಿ ಕುದುರಿ ಬರೋ ದಾರಿಗೆ ಕಬ್ಬಿಣದ ಮುಳ್ಳು ಚೆಲ್ಲತಿದ್ರು. ಹೆಂಗ ಬಿದ್ರೂ ಒಂದು ಮೊನಿ ಮ್ಯಾಲೇ ಇರತಿತ್ತು. ಆ ಮುಳ್ಳಿನ ಹೆಸರ ಇದಕ್ಕ ಇಟ್ಟಾರ. ಕುದುರಿ ದಂಡು ನಿಲ್ಲಿಸಿದ ಹೆಸರು ರೀ ಅದು. ಹಳದಿ ಹೂ ಎಷ್ಟು ಚಂದ ಬಿಡತೈತಿ, ನೋಡೀರೇನು?"

ರೈತರು ಹೂ ನೋಡಿರಲಿಲ್ಲ. ಅಂಗಾಲಿಗೆ ಚುಚ್ಚಿದ ಮುಳ್ಳನ್ನು ಮಾತ್ರ ನೋಡಿದ್ದರು. ಅರ್ಧ ಗಂಟೆ ಕಥೆ ಕೇಳಿ, ಚಹಾ ಕುಡಿದು, "ನಮ್ಮ ಹೊಲಕ್ಕ ಹಂದಿ ಕಾಟ ಐತ್ರಿ. ಹಂಗಾದ್ರ ಬದುವಿನ್ಯಾಗ ಇರ್ಲಿ ಬಿಡ್ರಿ, ಕಾವಲಾತು" ಎಂದು ಖಾಲಿ ಕೈಯಲ್ಲಿ ಎದ್ದು ಹೋದರು.

ಹೀಗೆ ಐದು ದಿನ ನಡೆಯಿತು. ಔಷಧಿಗೆ ಬಂದವರು ಕಥೆ ತೆಗೆದುಕೊಂಡು ಹೋದರು. ಒಂದೇ ಒಂದು ಗಿಡಕ್ಕೆ ಮಾತ್ರ ಅವನ ಹತ್ತಿರ ಕಥೆ ಇರಲಿಲ್ಲ. ಮಳೆ ಬಿದ್ದ ಕೂಡಲೇ ಹೊಲದಲ್ಲಿ, ಗುಡ್ಡದ ಬುಡದಲ್ಲಿ, ಬಚ್ಚಲ ನೀರು ಹರಿಯುವ ಕಡೆ ಹಬ್ಬಿ ನೀಲಿ ಹೂ ಬಿಡುತ್ತದಲ್ಲ ಕನ್ನಿಸೊಪ್ಪು, ಅದಕ್ಕೆ. ಕನ್ನಿಸೊಪ್ಪಿನ ಕಾಟ ಎಂದು ಯಾರಾದರೂ ಬಂದರೆ ಮಾತಿಲ್ಲದೆ ಡಬ್ಬಿ ತೆಗೆದುಕೊಟ್ಟುಬಿಡುತ್ತಿದ್ದ. ಆರನೇ ದಿನ ದೊಡ್ಡಪ್ಪ ಬಂದು ನಿಂತ.

"ಲೇ ತಮ್ಮ, ನೀ ಇಲ್ಲಿ ಕುಂತ್ರ ಕಳೆ ಉಳಿತಾವ, ಅಂಗಡಿ ಉಳಿಯಂಗಿಲ್ಲ. ಗುಡ್ಡಕ್ಕ ಹೋಗು ಮಾರಾಯ."

ಚಿಕ್ಕಪ್ಪನಿಗೆ ಅದು ಶಿಕ್ಷೆ ಎಂದು ಅನ್ನಿಸಲೇ ಇಲ್ಲ. ಅಮ್ಮನಿಂದ ಬುತ್ತಿ ಕಟ್ಟಿಸಿಕೊಂಡು ಆ ಬೆಳಿಗ್ಗೆಯೇ ಹೊರಟ.

ಚಿಕ್ಕಪ್ಪನಿಗೆ ಮದುವೆ ಯಾಕೆ ಆಗಲಿಲ್ಲ ಎನ್ನುತ್ತೀರಾ? ಆಗುವುದರಲ್ಲಿತ್ತು. ವಯಸ್ಸಿನಲ್ಲಿದ್ದಾಗ ಹಡಗಲಿಗೆ ಕನ್ಯೆ ನೋಡಲು ಹೋಗಿದ್ದರು. ಹುಡುಗಿಯ ಮನೆಯವರದು ಮಲ್ಲಿಗೆ ತೋಟ. ಹಡಗಲಿಯವರ ಮುಂದೆ ಮಲ್ಲಿಗೆಯ ವಿಷಯ ಎಷ್ಟು ಜೋಪಾನವಾಗಿ ಮಾತಾಡಬೇಕು ಎಂದು ನಮ್ಮ ಸುತ್ತಲಿನ ಐದೂ ತಾಲ್ಲೂಕಿನವರಿಗೆ ಗೊತ್ತು. ಹುಡುಗಿ ಮೊಳದುದ್ದ ಮಾಲೆ ಮುಡಿದು ಬಂದು ಉಪ್ಪಿಟ್ಟಿನ ತಾಟು ಇಟ್ಟಳು. ಚಿಕ್ಕಪ್ಪ ಹುಡುಗಿಯನ್ನು ನೋಡಲಿಲ್ಲ, ಮಾಲೆಯನ್ನು ನೋಡಿದ.

"ಇದಕ್ಕ ಜಾಸ್ಮಿನಮ್ ಅಂತಾರ್ರಿ. ಪರ್ಷಿಯಾದವರು ಯಾಸ್ಮಿನ್ ಅಂತಿದ್ರು, ಅದರಿಂದ ಬಂದೈತಿ."

ಹುಡುಗಿಯ ಅಪ್ಪ ಕೈಯಲ್ಲಿದ್ದ ತಾಟು ಕೆಳಗಿಟ್ಟರು. "ನಮ್ಮ ಹಡಗಲಿ ಮಲ್ಲಿಗಿ ಹೊರದೇಶದ್ದು ಅಂತೀರೇನು?"

"ಹೂ ನಿಮ್ಮದ ರೀ. ಹೆಸರು ಅಷ್ಟ ಅವರದು."

ಸಂಬಂಧ ಅಲ್ಲಿಗೇ ನಿಂತಿತು. ಉಪ್ಪಿಟ್ಟು ಮಾತ್ರ ಬಹಳ ಚೆನ್ನಾಗಿತ್ತು ಎಂದು ದೊಡ್ಡಪ್ಪ ಈಗಲೂ ನೆನೆಸಿಕೊಳ್ಳುತ್ತಾನೆ. ಆ ಹುಡುಗಿ ಒಳಬಾಗಿಲಲ್ಲಿ ನಿಂತು ನಕ್ಕಳಂತೆ. ಇದನ್ನು ಚಿಕ್ಕಪ್ಪ ನನಗೊಬ್ಬಳಿಗೇ ಹೇಳಿದ್ದಾನೆ.

ಕಳೆದ ಮಳೆಗಾಲದಲ್ಲಿ ನನ್ನನ್ನೂ ಜರಿಮಲೆಯ ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದ. ಅವನು ಹೂ ನೋಡುವ ಕ್ರಮವನ್ನು ನೀವು ತಿಳಿಯಬೇಕು. ನಿಂತು ನೋಡುವುದಿಲ್ಲ, ಕೂತೂ ನೋಡುವುದಿಲ್ಲ. ಟವೆಲ್ ಹಾಸಿ ಬೋರಲು ಮಲಗುತ್ತಾನೆ. ಹೂವಿಗಿಂತ ನಾವು ಎತ್ತರದಲ್ಲಿದ್ದರೆ ಅದು ಅರ್ಧವೇ ಕಾಣುತ್ತದೆ ಎನ್ನುವುದು ಅವನ ವಾದ. ಮಲಗಿದನೆಂದರೆ ಕಾಲು ಗಂಟೆ ಅಲುಗಾಡುವುದಿಲ್ಲ. ನಾನು ಏದುಸಿರು ಬಿಡುತ್ತ ಹಿಂದೆ ಉಳಿದಿದ್ದೆ. ಮೇಲೆ ಬರುವಷ್ಟರಲ್ಲಿ ಇಬ್ಬರು ಕುರಿಗಾಹಿಗಳು ಅವನ ಪಕ್ಕದಲ್ಲಿ ನಿಂತಿದ್ದರು. ಒಬ್ಬ ಆಗಲೇ ಅವನ ನೆತ್ತಿಗೆ ನೀರು ಸುರಿದಾಗಿತ್ತು, ಇನ್ನೊಬ್ಬ ಆಂಬುಲೆನ್ಸಿಗೆ ಫೋನು ಹಚ್ಚುತ್ತಿದ್ದ.

"ಎದ್ದೇಳ್ರಿ ಯಜಮಾನ್ರ, ತಲಿ ತಿರುಗಿತೇನು?"

"ತಿರುಗಿಲ್ಲಪ್ಪ. ಹೂ ನೋಡಾಕತ್ತೀನಿ. ಸ್ವಲ್ಪ ಸರಿ, ಬೆಳಕು ಬರ್ಲಿ."

"ಇಷ್ಟು ಸಣ್ಣ ಹೂ ನೋಡಾಕ ಇಷ್ಟು ದೊಡ್ಡ ಮನುಷ್ಯ ಮಲಗಬೇಕೇನ್ರಿ?"

ಚಿಕ್ಕಪ್ಪ ಭೂತಗನ್ನಡಿಯನ್ನು ಅವನ ಕೈಗೆ ಕೊಟ್ಟ. ಹತ್ತು ನಿಮಿಷದಲ್ಲಿ ಮೂವರೂ ಸಾಲಾಗಿ ಬೋರಲು ಮಲಗಿದ್ದರು, ಕುರಿಗಳು ಇವರನ್ನು ಬಳಸಿಕೊಂಡು ಮೇಯುತ್ತಿದ್ದವು. ಒಂದು ಜನ್ಮದಷ್ಟು ಕಾಲ ಆ ಗುಡ್ಡದಲ್ಲೇ ಓಡಾಡಿದ ಕುರಿಗಾಹಿ "ಯವ್ವಾ, ಇದರೊಳಗ ಇಷ್ಟೆಲ್ಲಾ ಐತೇನು" ಎಂದು ಪಿಸುಗುಟ್ಟಿದ. ಅದನ್ನು ಕೇಳಿ ನನಗೆ ನಮ್ಮ ಚಿಕ್ಕಪ್ಪನ ಬಗ್ಗೆ ಬಹಳ ಹೆಮ್ಮೆಯಾಯಿತು. ನಾನು ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಹದಿನೈದು ವರ್ಷ ಪಾಠ ಮಾಡಿದ್ದೇನೆ, ಒಬ್ಬನನ್ನೂ ಹಾಗೆ ಬೆರಗು ಮಾಡಿಲ್ಲ.

ಅದು ವಿಷ್ಣುಕ್ರಾಂತಿ ಹೂ. "ಇದರ ಬಳಗದವೆಲ್ಲ ಬಳ್ಳಿ" ಎಂದು ಚಿಕ್ಕಪ್ಪ ಶುರುಮಾಡಿದ. "ಸಿಕ್ಕಿದ್ದಕ್ಕ ಸುತ್ತಿಕೊಂತಾವ. ಇದೊಂದು ಯಾರಿಗೂ ಸುತ್ತಿಕೊಳ್ಳಂಗಿಲ್ಲ. ಅದಕ್ಕ ಎವಾಲ್ವುಲಸ್ ಅಂದ್ರು, ಸುತ್ತು ಬಿಚ್ಚಿದ್ದು ಅಂತ. ನಮ್ಮ ಬಳಗದಾಗ ಅದು ನಾನ ನೋಡವ್ವ."

ನಾನೂ ಸುಮ್ಮನಿರಲಿಲ್ಲ. ಫೋನಿನಲ್ಲಿ ಗಿಡ ಗುರುತಿಸುವ ಆ್ಯಪ್ ಇದೆ, ಫೋಟೋ ಹೊಡೆದೆ. ಹೆಸರು ಸರಿಯಾಗಿಯೇ ಬಂತು.

"ಹೆಸರು ಹೇಳತೈತಿ, ಖರೆ. ಆ ಹೆಸರು ಯಾಕ ಅಂತ ಕೇಳು" ಎಂದ.

ಹುಡುಕಿದೆ, ಆ್ಯಪ್‌ನಲ್ಲಿ ಅದು ಇರಲಿಲ್ಲ.

"ಪಾಪ, ಇದೂ ಪಿಯುಸಿ ಫೇಲು" ಎಂದು ಚಿಕ್ಕಪ್ಪ ನನ್ನ ಫೋನಿನ ಬೆನ್ನು ತಟ್ಟಿದ.

ಇಳಿಯುವಾಗ ಗುಡ್ಡದ ಬುಡದಲ್ಲಿ ಕನ್ನಿಸೊಪ್ಪು ನೀಲಿಯಾಗಿ ಹಬ್ಬಿತ್ತು. ಇದಕ್ಕೇನು ಕಥೆ ಎಂದು ಕೇಳಿದೆ. ಸಾಸಿವೆಯಷ್ಟು ಹೂವಿಗೂ ಮಲಗುವ ಮನುಷ್ಯ ನಿಂತು ಕೂಡ ನೋಡಲಿಲ್ಲ. "ಅದನ್ನ ಬಿಡವ್ವ, ದನದ ಮೇವು" ಎಂದು ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡು ಮುಂದೆ ನಡೆದ. ನನಗೆ ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ.

ಈಗ ಕಲ್ಲಿನ ವಿಷಯ. ಕೊಟ್ಟೂರಿಗೂ ಮೈಲಾರಕ್ಕೂ ನಡೆದುಕೊಂಡು ಹೋಗುವ ಭಕ್ತರು ನಮ್ಮ ಹೊಲದ ಮುಂದಿನ ರಸ್ತೆಯಲ್ಲೇ ಹೋಗುತ್ತಾರೆ. ಅಜ್ಜಿ ಇರುವ ತನಕ ಅಲ್ಲಿಯ ಬೇವಿನ ಮರದ ಕೆಳಗೆ ಅವರಿಗೆ ಮಜ್ಜಿಗೆ ಕೊಡುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಅವಳ ನೆನಪಿಗೆ ಅದೇ ಜಾಗದಲ್ಲಿ ಒಂದು ಕಲ್ಲಿನ ಕಟ್ಟೆ ಕಟ್ಟಿಸಿ ನೀರಿಡುವುದೆಂದು ತೀರ್ಮಾನವಾಯಿತು. ಇಂಥ ಕಟ್ಟೆಗೆ ನಮ್ಮಲ್ಲಿ ಒಂದು ಹೆಸರಿನ ಕಲ್ಲು ಕೂರಿಸುವ ಪದ್ಧತಿ. ಮೇಲೆ ತೀರಿಕೊಂಡವರ ಹೆಸರು, ಕೆಳಗೆ ಮಕ್ಕಳ ಹೆಸರು. ಅದನ್ನು ಬರೆದುಕೊಡುವ ಕೆಲಸ ಕನ್ನಡ ಟೀಚರಾದ ನನ್ನ ಪಾಲಿಗೆ ಬಂತು.

ನಾನು ಒಂದು ಒತ್ತಕ್ಷರವೂ ತಪ್ಪದ ಹಾಗೆ, ಅಂಗಡಿಯ ಬೋರ್ಡಿನಲ್ಲಿ ಇದ್ದ ಹಾಗೆಯೇ, ಅಜ್ಜಿಯ ಹೆಸರಿನ ಕೆಳಗೆ ಎರಡು ಹೆಸರು ಬರೆದುಕೊಟ್ಟೆ. ಕೈಗೆ ಅಷ್ಟು ರೂಢಿಯಾಗಿತ್ತು. ಅಂಗಡಿಯ ಕ್ಯಾಲೆಂಡರಿಗೆ, ಮದುವೆ ಪತ್ರಿಕೆಗೆ, ಎಲ್ಲದಕ್ಕೂ ನಾನು ಬರೆಯುತ್ತಾ ಬಂದದ್ದು ಅವೇ ಎರಡು ಹೆಸರು. ಅಪ್ಪ ಓದಿದ, ದೊಡ್ಡಪ್ಪ ಓದಿದ, ಇಬ್ಬರೂ "ಛಲೋ ಆತು" ಎಂದರು. ಕಲ್ಲು ಕೂರಿಸಿದ ದಿನ ಎಲ್ಲರೂ ಸೇರಿ ಕಾಯಿ ಒಡೆದೆವು. ಚಿಕ್ಕಪ್ಪ ಭೂತಗನ್ನಡಿ ತೆಗೆದು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ನಿಧಾನವಾಗಿ ಓದಿದ. "ಅಕ್ಷರ ಚಂದ ಬಂದಾವವ್ವ" ಎಂದು ನನ್ನ ತಲೆ ಸವರಿದ. ಆಮೇಲೆ ಕಟ್ಟೆಯ ಹಿಂದೆ ಹುಲ್ಲು ನೋಡಲು ಹೋದ.

ಒಬ್ಬರಿಗೂ ಏನೂ ಅನ್ನಿಸಲಿಲ್ಲ. ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನಾನು ಕಟ್ಟೆಯಲ್ಲಿ ನೀರು ತುಂಬಿಸಿಡಲು ಹೋಗಿದ್ದೆ. ಹಲವಾಗಲು ಎಂಬ ಊರಿನಿಂದ ನಡೆದು ಬಂದ ಒಬ್ಬ ಹೆಂಗಸು ಅಲ್ಲಿ ಕಾಲು ಚಾಚಿ ಕುಳಿತಿದ್ದಳು. ಕಲ್ಲಿನ ಮೇಲಿದ್ದುದನ್ನು ನನ್ನಿಂದ ಓದಿಸಿಕೊಂಡು ಕೇಳಿದಳು.

"ಅಜ್ಜಿಗೆ ಇಬ್ಬರ ಮಕ್ಕಳೇನವ್ವ?"

"ಇಲ್ಲವ್ವ, ಮೂ..." ಎಂದೆ. ಕಲ್ಲಿನ ಕಡೆ ತಿರುಗಿ ನೋಡಿದೆ, ಮಕ್ಕಳ ಹೆಸರು ಎರಡೇ ಇದ್ದವು. ಕೊಡವನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ.

ಚಿಕ್ಕಪ್ಪ ಹಿತ್ತಲಲ್ಲಿ ಯಾವುದೋ ಗಿಡವನ್ನು ಹಳೆಯ ಪೇಪರಿನ ನಡುವೆ ಇಟ್ಟು ಒತ್ತುತ್ತಿದ್ದ.

"ಚಿಕ್ಕಪ್ಪ, ಅವತ್ತ ನೀ ಕಲ್ಲು ಓದಿದೆಲ್ಲ. ಯಾಕ ಹೇಳಲಿಲ್ಲ?"

"ನನ್ನ ಹೆಸರೂ ಬರೀರಿ ಅಂತ ನಾನ ಕೇಳಬೇಕೇನು?" ಎಂದ. ಪೇಪರು ಸರಿಮಾಡಿದ. "ಅಂಗಡಿ ನಾ ಕಟ್ಟಿಲ್ಲ. ಬೋರ್ಡಿನ್ಯಾಗ ಹೆಸರು ಬ್ಯಾಡ. ಆದ್ರ ಅವ್ವನ ಹೊಟ್ಟ್ಯಾಗ ನಾನೂ ಒಂಬತ್ತು ತಿಂಗಳು ಇದ್ದೆ. ಅದೊಂದಕ್ಕ ಬಾಳ ಸಂಕಟ ಆತವ್ವ."

ನಾನು ಅಳಲು ಶುರುಮಾಡಿದೆ. ಅಳುವ ಹೆಂಗಸರ ಮುಂದೆ ಏನು ಮಾಡಬೇಕೆಂದು ಅವನಿಗೆ ಗೊತ್ತಿಲ್ಲ. ಅವನಿಗೆ ಗೊತ್ತಿರುವುದು ಒಂದೇ. ಬಚ್ಚಲ ಹಿಂದೆ ಕರೆದುಕೊಂಡು ಹೋಗಿ, ಕನ್ನಿಸೊಪ್ಪಿನ ಮುಂದೆ ನಿಲ್ಲಿಸಿ ಕೇಳಿದ.

"ಎಷ್ಟು ಎಸಳು ಅದಾವ?"

"ಎರಡು."

"ನಿಂತು ಎಣಿಸಬ್ಯಾಡ. ಮಲಗು."

ಸೀರೆ ಹಾಳಾದರೆ ಆಗಲಿ ಎಂದು ಮಲಗಿದೆ. ಭೂತಗನ್ನಡಿಯಲ್ಲಿ ನೋಡಿದರೆ ಎರಡು ನೀಲಿ ಎಸಳುಗಳ ಕೆಳಗೆ ಇನ್ನೊಂದು ಇತ್ತು, ಪುಟ್ಟದು, ಬಣ್ಣ ಮಾಸಿದ್ದು.

"ಇದಕ್ಕ ಕಾಮೆಲಿನಾ ಅಂತಾರ. ಹಾಲೆಂಡಿನ್ಯಾಗ ಒಂದು ಮನೆತನದ ಹೆಸರು ಅದು. ಆ ಮನ್ಯಾಗ ಮೂರು ಮಂದಿ ಗಿಡದ ಶಾಸ್ತ್ರ ಹಿಡಿದ್ರು. ಇಬ್ಬರು ದೊಡ್ಡ ಹೆಸರು ಮಾಡಿದ್ರು. ಮೂರನೇದವ ಏನೂ ಮಾಡದನ ತೀರಿಕೊಂಡ. ಎರಡು ದೊಡ್ಡ ಎಸಳು ಅಂದ್ರ ಆ ಇಬ್ಬರು, ಸಣ್ಣದು ಆ ಮೂರನೇದವ ಅಂತ ಹೆಸರಿಟ್ಟ ಪಂಡಿತ ಬರದಾನ. ಲ್ಯಾಬಿನ್ಯಾಗ ಪ್ರತಿ ವರ್ಷ ಈ ಪಾಠ ಬರತಿತ್ತು. ಹುಡುಗರು ನಗತಿದ್ರು. ನಾನು ಬಾಟ್ಲಿ ತೊಳಿಯಾಕ ಹೊರಗ ಹೋಗತಿದ್ದೆ."

ಆ ದಿನ ಸಂಜೆ ಊಟದ ಹೊತ್ತಿಗೆ ಕಲ್ಲಿನ ಮಾತು, ಹೂವಿನ ಮಾತು, ಎಲ್ಲವನ್ನೂ ಎಲ್ಲರ ಮುಂದೆ ಹೇಳಿಬಿಟ್ಟೆ. ಅಪ್ಪ ಅರ್ಧ ರೊಟ್ಟಿ ಬಿಟ್ಟು ಎದ್ದು ಹೊರಗೆ ಹೋದ. ದೊಡ್ಡಪ್ಪ ತಾಟಿನಲ್ಲೇ ಕೈ ತೊಳೆದ. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯದೆ, ಕಲ್ಲು ಕೆತ್ತುವವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕಟ್ಟೆಗೆ ಬಂದ. ನಾವೆಲ್ಲ ಹಿಂದೆಯೇ ಹೋದೆವು.

"ಜಾಗ ಇಲ್ರಿ" ಎಂದ ಕೆತ್ತುವವನು. "ಕೆಳಗ ಅಂಚಿನ್ಯಾಗ ಸಣ್ಣಾಗಿ ಹೊಡಿಬೌದು."

"ಈ ಕಲ್ಲು ಕಿತ್ತು ಒಗಿ. ಹೊಸಾದು ಮಾಡು. ಮೂವರದೂ ಒಂದ ಅಳತಿ ಇರಬೇಕು" ಎಂದ ದೊಡ್ಡಪ್ಪ. ಧ್ವನಿ ಎಂದಿನ ಹಾಗೆ ಒರಟಾಗಿಯೇ ಇತ್ತು. "ಹುಡುಗಿ ಮರತು ಬರದಾಳ. ನಾ ಓದಿ ಛಲೋ ಆತು ಅಂದೀನಿ. ತಪ್ಪು ನಂದು."

"ಬ್ಯಾಡಣ್ಣ" ಎಂದು ಚಿಕ್ಕಪ್ಪ ಕಲ್ಲಿಗೆ ಅಡ್ಡ ನಿಂತ. "ಅವ್ವನ ಹೆಸರು ಇರೋ ಕಲ್ಲು ಕೀಳಬ್ಯಾಡ. ಅಂಚಿನ್ಯಾಗ ಸಣ್ಣದ ಇರ್ಲಿ. ಹೂವಿನ್ಯಾಗೂ ಹಂಗ ಐತಿ."

ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಕಲ್ಲಿನ ಕೆಳ ಅಂಚಿನಲ್ಲಿ, ನೆಲಕ್ಕೆ ಒಂದು ಗೇಣು ಮೇಲೆ, ಕಿರುಬೆರಳ ಉಗುರಿನಷ್ಟು ಅಕ್ಷರಗಳಲ್ಲಿ ಹೆಸರು ಬಂತು. ದೊಡ್ಡಪ್ಪ ನಿಂತು ನೋಡಿದ, ಕಾಣಲಿಲ್ಲ. ಬಗ್ಗಿ ನೋಡಿದ, ಆಗಲೂ ಕಾಣಲಿಲ್ಲ. ಕೈ ಚಾಚಿದ.

"ಲೇ ತಮ್ಮ, ಆ ಕನ್ನಡಿ ತಾ ಇಲ್ಲಿ."

ಎಪ್ಪತ್ತೈದು ದಾಟಿದ ದೊಡ್ಡಪ್ಪ ಹೆಗಲ ಮೇಲಿನ ವಲ್ಲಿ ಹಾಸಿದ. ಇಸ್ತ್ರಿ ಮಾಡಿದ ಬಿಳಿ ಧೋತರದಲ್ಲಿ, ಅಷ್ಟು ದೊಡ್ಡ ಹೊಟ್ಟೆ ಹೊತ್ತುಕೊಂಡು, ರಸ್ತೆ ಬದಿಯ ಮಣ್ಣಿನಲ್ಲಿ ಬೋರಲು ಮಲಗಿದ. ಭೂತಗನ್ನಡಿ ಹಿಡಿದು ತಮ್ಮನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ. ಇನ್ನೊಂದು ಸಲ ಓದಿದ. ಓದಿ ಮುಗಿದ ಮೇಲೂ ಏಳಲಿಲ್ಲ. ಮುಖ ನೆಲದ ಕಡೆಗಿತ್ತು, ಬೆನ್ನು ಮಾತ್ರ ಅಲುಗುತ್ತಿತ್ತು. ನಾವು ಯಾರೂ ಎಬ್ಬಿಸಲಿಲ್ಲ.

ರಸ್ತೆಯಲ್ಲಿ ಹೋಗುತ್ತಿದ್ದ ಬೈಕಿನವನೊಬ್ಬ ಗಾಬರಿಯಿಂದ ನಿಲ್ಲಿಸಿ, ನೀರಿನ ಬಾಟಲಿ ಹಿಡಿದು ಓಡಿ ಬಂದ.

"ಯಜಮಾನ್ರಿಗೆ ಏನಾತ್ರಿ? ತಲಿ ತಿರುಗಿತೇನು?"

ಚಿಕ್ಕಪ್ಪ ಕಣ್ಣು ಒರೆಸಿಕೊಂಡ. "ಏನಿಲ್ಲಪ್ಪ. ಹೆಸರು ನೋಡಾಕತ್ತಾನ" ಎಂದ.

ಇಷ್ಟೆಲ್ಲ ಆದ ಮೇಲೂ ಅವನಿಗೆ ನನ್ನ ಹೆಸರು ಗೊತ್ತಿಲ್ಲ, ಈಗ ನನಗೆ ಅದು ಬೇಕಾಗಿಯೂ ಇಲ್ಲ. ಅವನ ಹೆಸರನ್ನು ನಾನಿಲ್ಲಿ ಬರೆದಿಲ್ಲ ಎಂದು ನೀವು ಗಮನಿಸಿರಬಹುದು. ಈ ಸಲ ಮರೆತದ್ದಲ್ಲ. ನಮ್ಮ ಕಡೆ ಬಂದರೆ ಆ ಕಟ್ಟೆಯ ಮೇಲೆ ಕೂತು ನೀರು ಕುಡಿಯಿರಿ, ದಣಿವು ಆರಿಸಿಕೊಳ್ಳಿ. ಆಮೇಲೆ ಟವೆಲ್ ಹಾಸಿ ಬೋರಲು ಮಲಗಿ. ನಿಂತು ನೋಡಿದರೆ ಎರಡೇ ಹೆಸರು ಕಾಣುತ್ತವೆ.